ಬಟನ್ ಒತ್ತಿದವನಿಗೆ

ತಮ್ಮನಿಗೆ ಅಕ್ಕನ ಆಶೀರ್ವಾದ.

ಹೆಂಡತಿಯ ತವರಿನಲ್ಲಿ ಹೊತ್ತು ಹೊತ್ತಿಗೆ ಊಟ, ನಿದ್ದೆ ಚೆನ್ನಾಗಿ ನಡೆಯುತ್ತಿರಬೇಕು. ಅಪ್ಪನ ವರ್ಕ್‌ಶಾಪ್ ಇನ್ನೂ ಮುಚ್ಚಿಲ್ಲ ಎಂದು ತಿಳಿಸಲು ಬರೆಯುತ್ತಿದ್ದೇನೆ.

ಕಬ್ಬಿಣ ಕಡೆಯುವ ಕಂಪ್ಯೂಟರ್ ಲೇತ್ ಬಂದ ದಿನ ನೀನು ಸೋದರಮಾವನಿಗೆ, "ಇನ್ಮೇಲೆ ನಿಮ್ಮ ಕೈ ಬೇಡ ಮಾವ, ಬಟನ್ ಒತ್ತಿದ್ರೆ ಸಾಕು" ಎಂದೆ. ಹಳೇ ಲೇತಿನ ಮುಂದೆ ಮೂವತ್ತು ವರ್ಷ ನಿಂತವರು ಕೈ ಒರೆಸಿಕೊಂಡು ಹೊರಟುಹೋದರು. ಮೂರನೇ ದಿನ ಗಿರಾಕಿಗಳ ಎದುರು ನೀನೇ ಬಟನ್ ಒತ್ತಿದೆ. ಕತ್ತರಿಸುವ ಟೂಲಿನ ಉದ್ದ ಎಷ್ಟೆಂದು ಯಂತ್ರಕ್ಕೆ ಹೇಳಿಯೇ ಇರಲಿಲ್ಲ. ಟೂಲು ಸೀದಾ ಹೋಗಿ, ಕಬ್ಬಿಣ ಹಿಡಿದು ತಿರುಗುತ್ತಿದ್ದ ಚಕ್‌ಗೆ ಗುದ್ದಿತು. ಗಿರಾಕಿಗಳು ಕಿವಿ ಮುಚ್ಚಿಕೊಳ್ಳುವಷ್ಟರಲ್ಲಿ ನೀನು ಬೈಕ್ ಹತ್ತಿದ್ದೆ. ಕೆಲಸದಲ್ಲಿ ನಿನಗೆ ಅಷ್ಟು ಚುರುಕು ಇರುವುದನ್ನು ನಾನು ಕಂಡಿರಲಿಲ್ಲ.

ಮಾವನ ಮನೆಗೆ ನಾನೇ ಹೋದೆ. ನಿನ್ನ ಪರವಾಗಿ ಕ್ಷಮೆ ಕೇಳಲು ನಾಚಿಕೆಯಾಗಿ ಬಾಗಿಲಲ್ಲೇ ನಿಂತೆ. ನನ್ನನ್ನು ಕಂಡವರೇ ಅವರು ಚಪ್ಪಲಿ ಮೆಟ್ಟಿಕೊಂಡರು. ರಿಪೇರಿ ನಡೆದ ಎರಡು ವಾರವೂ ಮೆಕ್ಯಾನಿಕ್ ಪಕ್ಕದಿಂದ ಕದಲಲಿಲ್ಲ. "ಯಂತ್ರದ ಪುಸ್ತಕ ನೀನು ಓದಿ ಹೇಳು ಪುಟ್ಟಿ, ಕಬ್ಬಿಣದ ವಿಷ್ಯ ನಂಗೆ ಬಿಡು" ಎಂದರು. ಹಾಗೇ ಇಬ್ಬರೂ ಕಲಿತೆವು. ನಿನ್ನೆ ಯಂತ್ರದಿಂದ ಮೊದಲ ಶಾಫ್ಟ್ ಇಳಿಯಿತು. ಮೂರು ಸಲ ಅಳೆದ ಮಾವ ಮಗುವಿನಂತೆ ನಕ್ಕರು.

ನಿನ್ನಿಂದ ಒಂದೇ ಒಂದು ಉಪಕಾರವಾಗಬೇಕು. ಬಾಗಿಲ ಮೇಲೆ ನಿನ್ನ ಹೆಸರಿನ ಜೊತೆ 'ಮುಖ್ಯ ತಂತ್ರಜ್ಞ' ಎಂದು ಬರೆಸಿದ್ದೀಯಲ್ಲ, ಆ ಪೇಂಟರ್ ನಂಬರ್ ಕಳಿಸು. ಅಕ್ಷರ ದುಂಡಗಿದೆ. ಹೆಸರಷ್ಟೇ ಬದಲಾಯಿಸಬೇಕು.

ಇಂತಿ,
ನಿನ್ನ ಅಕ್ಕ