ಆಚೆ ದಡವಿಲ್ಲದ ಚಿತ್ರ

ನರಸಿಂಹರಾಜಪುರ
9 ಫೆಬ್ರವರಿ 2025, ಭಾನುವಾರ

ಶ್ರೀವಾಣಿ,

'ಪ್ರೀತಿಯ' ಎಂದು ಬರೆದು ಹೊಡೆದು ಹಾಕಿದೆ. ಆ ಪದ ಬರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ, ಇದನ್ನು ಓದಿದ ಮೇಲೆ ನೀನೇ ತೀರ್ಮಾನಿಸು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಕಾಗದ. ಕಳೆದ ತಿಂಗಳು ಕೊಪ್ಪಕ್ಕೆ ನಿನ್ನ ಕ್ಲಿನಿಕ್ಕಿಗೇ ಬಂದಿದ್ದೆ. ನಿನ್ನ ಸಹಾಯಕ ಕಿರಣ ನನ್ನ ಮುಖ ನೋಡಿ, "ಯಾವ ಹಲ್ಲು ಮೇಡಂ?" ಎಂದು ಕೇಳಿದ. ಯಾವುದೋ ಒಂದು ಹಲ್ಲು ತೋರಿಸಿ ಟೋಕನ್ ತಗೊಂಡು ಕೂತೆ. ನನ್ನ ಸರದಿ ಬರುವುದಕ್ಕೆ ಇಬ್ಬರು ಇರುವಾಗ ಎದ್ದು ಬಂದೆ. ಬೀದಿಯಲ್ಲಿ ನಿಂತು ಘೋಷಣೆ ಕೂಗಿದವಳಿಗೆ ನಿನ್ನ ಬಾಗಿಲು ತಳ್ಳಲು ಧೈರ್ಯ ಬರಲಿಲ್ಲ.

ಸುತ್ತಿ ಬಳಸುವುದಿಲ್ಲ. ನಿನ್ನಿಂದ ನನಗೊಂದು ಫೋಟೋ ಬೇಕು. ನವೆಂಬರ್ ಹದಿನೇಳರ ಬೆಳಿಗ್ಗೆ ಹಿನ್ನೀರಿನ ದೋಣಿಗಂಡಿಯಲ್ಲಿ ನೀನು ಒಂದೇ ಒಂದು ಪಟ ತೆಗೆದೆಯಲ್ಲ, ಸೊಟ್ಟಗೆ ಬಂದದ್ದು, ನೋಡಿ ನಾನು ನಕ್ಕದ್ದು, ಅದು. ಅಳಿಸಿರಬೇಡ ಮಾರಾಯ್ತಿ. ಒಬ್ಬ ತಾಯಿಗೆ ಅವಳ ಮಗ ವಾಪಸು ಸಿಗುವುದು ಆ ಸೊಟ್ಟ ಪಟದ ಮೇಲೆ ನಿಂತಿದೆ.

ಆವತ್ತು ಏನಾಯಿತು ಎನ್ನುವುದು ನಿನಗೆ ಅರ್ಧ ಗೊತ್ತು. ಉಳಿದರ್ಧ ನಾನು ಬಚ್ಚಿಟ್ಟಿದ್ದೆ.

ನಾಲ್ಕು ವರ್ಷ ಪ್ರತಿ ಭಾನುವಾರ ನಾವಿಬ್ಬರೂ ಒಂದೇ ಸ್ಕೂಟರಿನಲ್ಲಿ ಕ್ಯಾಮೆರಾ ಹಿಡಿದು ತಿರುಗಿದವರು. ನೀನು ಹಿರೇಕೊಡಿಗೆಯ ತೋಟದ ಮನೆಯವಳು, ಹಲ್ಲಿನ ಡಾಕ್ಟರು. ನಾನು ಎಸ್ಟೇಟಿನ ಕೂಲಿ ಲೈನ್ ಮನೆಯಲ್ಲಿ ಹುಟ್ಟಿ ಸಂಘಟನೆಯಲ್ಲಿ ಮಾತು ಕಲಿತು ಸರ್ಕಾರಿ ಶಾಲೆಯ ಮೇಷ್ಟರಾದವಳು. ಭಂಡಿಗಡಿಯ ಹತ್ತಿರ ಸ್ಕೂಟರ್ ಪಂಕ್ಚರ್ ಆಗಿ ಇಬ್ಬರೂ ತಳ್ಳುವಾಗ ನೀನು ಹೇಳಿದ್ದೆ, "ಪವಿ, ಈಗ ನೋಡು ಸಮಾನತೆ ಬಂತು." ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಲ್ಲಿ ಮೀನಿಗೆ ಮಂಡಕ್ಕಿ ಹಾಕುತ್ತಿದ್ದ ಹೆಂಗಸಿನತ್ತ ನೀನು ಕ್ಯಾಮೆರಾ ತಿರುಗಿಸಿದಾಗ ನಾನು ನಿನ್ನ ಕೈ ಹಿಡಿದು ತಡೆದಿದ್ದೆ. ಹೆಸರು ಕೇಳದೆ ಬಡವರ ಮುಖ ತೆಗೆಯುವುದು ಕಳ್ಳತನ ಎಂದು ಅಲ್ಲೇ ಭಾಷಣ ಬಿಗಿದಿದ್ದೆ. ಆಯಮ್ಮನೇ ನಕ್ಕು, "ಮೀನಿಂದ ತೆಗೀರಿ, ಅವಕ್ಕೆ ಹೆಸರು ಕೇಳೋದು ಬ್ಯಾಡ" ಅಂದಿದ್ದಳು. ಅಂದಿನಿಂದ ನೀನು ಹೆಸರು ಕೇಳದೆ ಯಾರನ್ನೂ ತೆಗೆದದ್ದು ನಾನು ನೋಡಿಲ್ಲ. ನಿನಗೆ ಪಾಠ ಹೇಳಿದವಳು ತಾನು ಮಾಡಿದ್ದೇನು ಎಂಬುದನ್ನು ಈಗ ಕೇಳು.

ಆ ದಿನ ದೋಣಿಯಲ್ಲಿದ್ದವನು ಗುರುವ ಮಾವ, ನನ್ನ ಅವ್ವನ ತಮ್ಮ. ಮೂವತ್ತು ವರ್ಷದಿಂದ ಆಚೆ ದಡದವರನ್ನು ಈಚೆಗೆ ದಾಟಿಸುತ್ತಿರುವವನು. ಎಂಟೂಕಾಲಿಗೆ ಈಚೆ ದಡದಲ್ಲಿ ಜನ ಇಳಿಸಿ ವಾಪಸು ಹೊರಟಿದ್ದ. ನೀರಿನ ಮೇಲೆ ಮಂಜು ಹೊಗೆಯಾಡುತ್ತಿತ್ತು. ಖಾಲಿ ದೋಣಿ, ಒಬ್ಬನೇ ಮನುಷ್ಯ. ನನಗೆ ಅದು ಬೇಕಾಗಿತ್ತು. ನಡುನೀರಲ್ಲಿ ನಿಲ್ಲಿಸಿದೆ. ಆಚೆ ದಡಕ್ಕೆ ಬೆನ್ನು ಹಾಕಿ ನನ್ನ ಕಡೆ ಮುಖ ಮಾಡಿ ಕೂರಲು ಕೂಗಿ ಹೇಳಿದೆ. ಸ್ವಲ್ಪ ಎಡಕ್ಕೆ, ಸ್ವಲ್ಪ ಹಿಂದಕ್ಕೆ, ಮತ್ತೆ ಮೊದಲಿನ ಜಾಗಕ್ಕೆ. ಮುಕ್ಕಾಲು ಗಂಟೆ.

ಅವನು ಎರಡು ಸಲ ಕೇಳಿದ, "ಆಚೆ ಯಾರಾದ್ರೂ ಅವ್ರಾ ನೋಡು ಮಗ."

ನಾನು ಎರಡು ಸಲವೂ, "ಯಾರೂ ಇಲ್ಲ ಮಾವ, ನಾ ನೋಡ್ತಾ ಇದೀನಲ್ಲ" ಅಂದೆ.

ಆಚೆ ದಡದಲ್ಲಿ ಒಂದು ಗಳ ನೆಟ್ಟಿದೆ. ಅದರ ವಿಷಯ ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಅದರ ಬುಡದಲ್ಲೇ ಆಡಿ ಬೆಳೆದವಳು ನಾನು. ಸುಮ್ಮನೆ ದಾಟಬೇಕಾದವರು ಕೈಯಲ್ಲಿ ಬಟ್ಟೆ ಬೀಸುತ್ತಾರೆ; ದೋಣಿಯವನು ತನ್ನ ಪುರುಸೊತ್ತಿನಲ್ಲಿ ಬರುತ್ತಾನೆ. ಗಳಕ್ಕೆ ಬಟ್ಟೆ ಕಟ್ಟಿದರೆ ಮಾತ್ರ ಬೇರೆ ಲೆಕ್ಕ. ಹೆರಿಗೆ ನೋವು, ಹಾವು ಕಚ್ಚಿದ್ದು, ಸಾವು, ಅಂಥದ್ದಕ್ಕೆ ಮಾತ್ರ ಕಟ್ಟುತ್ತಾರೆ. ಕಂಡವನು ಬಾಯಿಗಿಟ್ಟ ತುತ್ತು ಬಿಟ್ಟು ಹೋಗಬೇಕು. ಮೊಬೈಲಿಗೆ ಸಿಗ್ನಲ್ ಸಿಗದ ಆ ತಗ್ಗಿನಲ್ಲಿ ಇವತ್ತಿಗೂ ಅದೇ ನಡೆಯುವುದು.

ನೀನು ಕೇಳಿದೆ, "ಪವಿ, ಆ ಕೋಲಿಗೆ ಎಂತದೋ ಹಸಿರು ಕಟ್ಟಿದಾರಲ್ಲೇ?"

"ಟವೆಲ್ ಒಣಗ್ಸಿರ್ತಾರೆ" ಅಂದೆ. ಲೆನ್ಸಿನಲ್ಲಿ ನನಗದು ನಿನಗಿಂತ ಮೊದಲೇ ಕಂಡಿತ್ತು. ಪಕ್ಕದಲ್ಲಿ ಯಾರೋ ನಿಂತಿದ್ದೂ ಕಂಡಿತ್ತು. ಮುಖ ತಿಳಿಯುತ್ತಿರಲಿಲ್ಲ. ಬೆಳಕು ಇನ್ನೈದು ನಿಮಿಷ ಮಾತ್ರ, ಐದು ನಿಮಿಷದಲ್ಲಿ ಏನು ಮುಳುಗಿಹೋಗುತ್ತದೆ ಅಂದುಕೊಂಡೆ. ಹಾಗೆ ಒಂಬತ್ತು ಸಲ ಅಂದುಕೊಂಡಿರಬೇಕು.

ನೀನು ಬಿಡಲಿಲ್ಲ. "ಯಾರೋ ಕಾಯ್ತಾ ಇದ್ದಂಗಿದೆ ಕಣೇ, ಅವರನ್ನು ಕಳಿಸೋಣ" ಅಂದೆ. ಆಗ ನಾನು ಹೇಳಿದ್ದು ನಿನಗೆ ನೆನಪಿದೆ, ನನಗೂ ನೆನಪಿದೆ. "ನಮ್ಮೋರ ವಿಷಯ ನಂಗೆ ಹೇಳಿಕೊಡೋದು ಬೇಡ ತೋಟದಮ್ಮ. ಕಾಯಿಸಿದ ವಂಶದವಳು ನೀನು." ನೀನು ಒಂದು ಪಟ ತೆಗೆದು ಸ್ಕೂಟರಿನ ಹತ್ತಿರ ಹೋಗಿ ನಿಂತೆ.

ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನಿನ್ನ ಅಜ್ಜನ ಕಾಲದಲ್ಲಿ ನನ್ನ ಅಜ್ಜಿ ಅಂಗಳದ ಆಚೆ ಕಾದದ್ದು ಸತ್ಯ. ಅದನ್ನು ಯಾರ ಎದುರಿಗೂ ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ. ಆದರೆ ಆ ಬೆಳಿಗ್ಗೆ ಅಜ್ಜಿಯ ಕಣ್ಣೀರನ್ನು ನಾನು ನಿನ್ನ ಬಾಯಿಗೆ ಬೀಗ ಹಾಕಲು ಬಳಸಿದೆ. ನನ್ನವರು ಏಟು ತಿಂದು ಗಳಿಸಿಕೊಟ್ಟ ಮಾತನ್ನು ಒಂದು ಪಟಕ್ಕಾಗಿ ಖರ್ಚು ಮಾಡಿದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಮೇಲೆ ಕರಪತ್ರ ಹಂಚುತ್ತಿದ್ದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಗಳ, ಹಸಿರು ಬಟ್ಟೆ, ನಿಂತವರು, ಕೊನೆಗೆ ಆಚೆ ದಡವನ್ನೇ ಮಂಜಿನ ಬಣ್ಣದಲ್ಲಿ ಬಳಿದು ಮುಚ್ಚಿದೆ. ಕಾರ್ಡಿನಲ್ಲಿ ಜಾಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮೂಲ ಪಟಗಳನ್ನೆಲ್ಲ ಅಳಿಸಿದೆ. ಉಳಿದದ್ದಕ್ಕೆ 'ಏಕಾಂಗಿ' ಎಂದು ಹೆಸರಿಟ್ಟೆ.

ಡಿಸೆಂಬರಿನಲ್ಲಿ ಶೃಂಗೇರಿಯ ಪ್ರದರ್ಶನದಲ್ಲಿ ನೀನೂ ಇದ್ದೆ. ಮೊದಲ ಬಹುಮಾನ ಬಂದವರು ಪಟದ ಹಿಂದಿನ ಕಥೆ ಹೇಳಬೇಕು ಎನ್ನುವುದು ನಮ್ಮ ಫೋಟೋ ಬಳಗದ ಪದ್ಧತಿ. ಹೇಳಿದೆ. ಅಣೆಕಟ್ಟು ಕಟ್ಟಿ ಮುಳುಗಿಸಿದ ಊರುಗಳು, ಯಾರದೋ ಗದ್ದೆಗೆ ನೀರು, ಇವರ ಪಾಲಿಗೆ ಒಂದು ಹುಟ್ಟು ಮತ್ತು ಒಂದು ಒಂಟಿ ದೋಣಿ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪಟ ಮಾತ್ರ ಸುಳ್ಳು. ಚಪ್ಪಾಳೆ ಬಿತ್ತು. ಗುರುವ ಮಾವನಿಗೆ ಶಾಲು ಹೊದಿಸಿದರು. ಅವನು ಶಾಲು ಹೊದ್ದೇ ಪಟದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ನಿನ್ನ ಎದುರಿಗೇ ಕೇಳಿದ, "ಆಚೆ ದಡ ಎಲ್ಲಿ ಹೋಯ್ತು ಮಗ?"

ನಾನು ಮಂಜು ಅಂದೆ.

"ಆವತ್ತು ಗಳ ಕಾಣ್ತಿತ್ತಲ್ಲ, ನಾ ತಿರುಗಿದ ಕೂಡ್ಲೆ ಕಂಡೆ. ನೀ ಯಾರೂ ಇಲ್ಲ ಅಂದಿದ್ದೆ."

ನೀನು ನನ್ನ ಮುಖ ನೋಡಿದೆ. ನಾನು ಪಟ ನೋಡಿದೆ. ಚಪ್ಪಲಿ ಮೆಟ್ಟಿ ನೀನು ಹೊರಟುಹೋದೆ. ಅದೇ ಕೊನೆ. ಮುಂದೆ ಅವನು ಹೇಳಿದ್ದನ್ನು ನೀನು ಕೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಳಕ್ಕೆ ಟವೆಲು ಕಟ್ಟಿದ್ದವಳು ಚಿಕ್ಕಕ್ಕ. ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಆಚೆ ದಡದಲ್ಲಿ ತೋಟದ ಕೆಲಸಕ್ಕೆ ಹೋಗುವವಳು. ಅವಳ ಮಗ ಕುಮಾರ ಆರು ವರ್ಷದ ಹಿಂದೆ ರಬ್ಬರ್ ಹಾಲು ತೆಗೆಯುವವರ ಮನೆಯ ಅನ್ನಮ್ಮನನ್ನು ಮದುವೆಯಾಗಿದ್ದಕ್ಕೆ ಅಪ್ಪ ಕತ್ತಿ ಹಿಡಿದು ಹೊರಗೆ ಹಾಕಿದ. ಅವ್ವ ಒಳಗೆ ನಿಂತು ಅತ್ತಳೇ ಹೊರತು ಬಾಗಿಲಿಗೆ ಬರಲಿಲ್ಲ. ಆ ಒಂದು ಸಿಟ್ಟು ಕುಮಾರನಿಗೆ ಅಪ್ಪನ ಕತ್ತಿಗಿಂತ ಹೆಚ್ಚು. ನವೆಂಬರಿನಲ್ಲಿ ಅವನು ಹೆಂಡತಿ, ಮೂರು ವರ್ಷದ ಮಗಳನ್ನು ಕರೆದುಕೊಂಡು ಕೇರಳದ ಕಡೆ ಕೆಲಸಕ್ಕೆ ಹೊರಟಿದ್ದ. ಹೋಗುವ ಮುಂಚೆ ಅವ್ವನಿಗೆ ಹೇಳಿಕಳಿಸಿದ್ದ, ಭಾನುವಾರ ಒಂಬತ್ತೂವರೆಯ ಬಾಳೆಹೊನ್ನೂರು ಬಸ್ಸಿನ ತನಕ ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ, ಮೊಮ್ಮಗಳನ್ನು ನೋಡುವ ಮನಸ್ಸಿದ್ದರೆ ಬಾ, ಬರದಿದ್ದರೆ ಇನ್ನು ನಿನಗೆ ಮಗನಿಲ್ಲ.

ಗಂಡನಿಗೆ ಸೌದೆಗೆ ಎಂದು ಹೇಳಿ ಅವಳು ಎಂಟು ಗಂಟೆಗೇ ದಡದಲ್ಲಿದ್ದಳು; ದೋಣಿ ಆಗಷ್ಟೇ ಈಚೆಗೆ ಹೊರಟಿತ್ತು. ಬಟ್ಟೆ ಬೀಸಿದಳು. ಕೂಗಿದಳು, ದನಿ ದೋಣಿಗೆ ಮುಟ್ಟಲಿಲ್ಲ. ಕೊನೆಗೆ ಗಳಕ್ಕೆ ಕಟ್ಟಿದಳು. ದೋಣಿ ಕಣ್ಣೆದುರು ನಡುನೀರಿನಲ್ಲಿ ಎಡಕ್ಕೆ ಬಲಕ್ಕೆ ಆಡುತ್ತಿತ್ತು. ಮಾವ ತಿರುಗಿ ಕಂಡು ಹೋಗಿ ಕರೆತರುವ ಹೊತ್ತಿಗೆ ನಾವು ಬೆಳಕು ಹೋಯಿತೆಂದು ಹೊರಟಾಗಿತ್ತು. ಅವಳು ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಒಂಬತ್ತೂವರೆಯ ಬಸ್ಸು ಹೋಗಿ ಅರ್ಧ ಗಂಟೆ. ಅಂಗಡಿಯವನ ಹತ್ತಿರ ಕುಮಾರ ಇಷ್ಟೇ ಹೇಳಿ ಹೋಗಿದ್ದ: "ಅವ್ವ ಬರ್ಲಿಲ್ಲ." ಅವನ ನಂಬರು ಈಗ ಚಾಲ್ತಿಯಲ್ಲಿಲ್ಲ.

ಜನವರಿಯಲ್ಲಿ ಅವಳ ಮನೆಗೆ ಹೋದೆ. ನಿನ್ನ ಮಗನನ್ನು ಹುಡುಕಿ, ದೋಣಿ ಬರಲಿಲ್ಲ ಅಂತ ಹೇಳಿಸೋಣ ಅಂದೆ. ಚಿಕ್ಕಕ್ಕ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು. "ಗಳಕ್ಕೆ ಬಟ್ಟೆ ಕಂಡು ಗುರುವಣ್ಣ ಬರದೆ ಇದ್ದದ್ದು ಯಾರಾದ್ರೂ ಕಂಡಿದಾರಾ? ಇದೇ ನೀರಲ್ಲಿ ಬೆಳೆದೋನು ನನ್ನ ಮಗ. ದೋಣಿ ಬರ್ಲಿಲ್ಲ ಅಂದ್ರೆ, ಅವ್ವ ಇನ್ನೊಂದು ಸುಳ್ಳು ಹೇಳ್ತಾಳೆ ಅಂತಾನೆ."

ಅದಕ್ಕೆ ನಿನ್ನ ಪಟ ಬೇಕು. ಅದರಲ್ಲಿ ಮಾವನ ಬೆನ್ನ ಹಿಂದೆ ದಡವಿದೆ, ಗಳವಿದೆ, ಹಸಿರು ಟವೆಲಿದೆ. ದೊಡ್ಡದು ಮಾಡಿದರೆ ಅವಳ ಆಕಾರ ಅವಳ ಮಗನಿಗೆ ಗುರುತು ಸಿಕ್ಕೇ ಸಿಗುತ್ತದೆ. ತೆಗೆದ ತಾರೀಕು, ಗಂಟೆ ಫೈಲಿನಲ್ಲೇ ಇರುತ್ತದೆ. ಅನ್ನಮ್ಮ ಕೊಪ್ಪದಲ್ಲಿ ಟೈಲರಿಂಗ್ ಮಾಡುವಾಗ ನಿನ್ನ ರವಿಕೆ ಹೊಲಿಯುತ್ತಿದ್ದವಳು. ಕೇರಳದಿಂದಲೂ ನಿನಗೆ ಹೊಸ ಡಿಸೈನು ಕಳಿಸುತ್ತಾಳೆ ಎಂದು ಆವತ್ತು ಕ್ಲಿನಿಕ್ಕಿನಲ್ಲಿ ಕಿರಣ ಬಾಯಿಬಿಟ್ಟ. ಅವಳಿಗೆ ಕಳಿಸು. ಪಟದ ಕೆಳಗೆ ಬರೆ: ದೋಣಿ ತಡೆದವಳು ಶಾಲೆಯ ಪವಿತ್ರಾ ಮೇಡಂ.

ಬಹುಮಾನ ವಾಪಸು ಕೊಡುತ್ತೇನೆಂದು ಬಳಗದ ಕಾರ್ಯದರ್ಶಿ ರಾಕೇಶನಿಗೆ ಫೋನು ಮಾಡಿದೆ. "ಮಂಜು ಹಾಕೋದು ಎಲ್ರೂ ಮಾಡ್ತಾರೆ ಬಿಡಿ ಮೇಡಂ" ಅಂದ. ಫಲಕ ಕೊರಿಯರ್ ಮಾಡಿದ್ದೇನೆ.

ನನ್ನ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. ಭಾನುವಾರ ಈಗಲೂ ಹೋಗುತ್ತೇನೆ. ರಸ್ತೆಯಲ್ಲಿ ಅಂಗಾತ ಮಲಗಿ ಮರದ ನೆತ್ತಿ ತೆಗೆಯುತ್ತಿದ್ದೆನಲ್ಲ, ನೀನು ತಿರುವಿನಲ್ಲಿ ನಿಂತು "ಲಾರಿ ಬಂತು ಏಳೇ" ಅನ್ನುತ್ತಿದ್ದೆ. ಈಗ ಮಲಗುವುದಿಲ್ಲ. ಎರಡು ತಿಂಗಳ ಪಟಗಳೆಲ್ಲ ನಿಂತವಳ ಕಣ್ಣಿನ ಎತ್ತರದಲ್ಲೇ ಇವೆ. ಯಾವುದರಲ್ಲೂ ಮನುಷ್ಯರಿಲ್ಲ. ಹೆಸರು ಕೇಳಲು ಹೋದರೆ ಬಾಯಿ ಬರುವುದಿಲ್ಲ. ಶಾಲೆಯಲ್ಲಿ ಐವತ್ತು ಮಕ್ಕಳ ನಡುವೆ ಕೂಗಾಡಿ ಮನೆಗೆ ಬಂದರೆ, ಮಾರನೆ ದಿನ ಹಾಜರಿ ಕೂಗುವ ತನಕ ನನ್ನ ದನಿ ನನಗೇ ಕೇಳುವುದಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ಪಟ ಕಳಿಸು. ನಂಬರು ಬ್ಲಾಕಿನಲ್ಲೇ ಇರಲಿ.

ನಿನ್ನ
ಪವಿತ್ರಾ

ಮರೆತ ಮಾತು: ಮರೆತಿರಲಿಲ್ಲ, ಬರೆಯದೆ ಮುಗಿಸಲು ನೋಡಿದೆ. ಜನವರಿಯಲ್ಲಿ ಚಿಕ್ಕಕ್ಕ ಕೇಳಿದ್ದಳು, ದೋಣಿ ನಿಲ್ಸಿದ ಫೋಟೋದವರು ಯಾರಂತೆ, ಗುರುವಣ್ಣ ಬಾಯೇ ಬಿಡ್ತಿಲ್ಲ ಎಂದು. ನಾನು ಉತ್ತರ ಹೇಳುವ ಮೊದಲೇ ಅವಳೇ ಅಂದಳು: "ನಿನ್ನ ಜೊತೆ ಬರ್ತಾಳಲ್ಲ, ಆ ತೋಟದ ಡಾಕ್ಟರಮ್ಮ ಇರ್ಬೇಕು. ನಮ್ಮೋರು ಯಾರೂ ಹಂಗೆ ಮಾಡಲ್ಲ." ನಾನು ಕಾಫಿ ಕುಡಿದೆ. ಆಚೆ ದಡದ ಶಾಲೆಯಲ್ಲಿ ನೀನು ತಿಂಗಳಿಗೊಮ್ಮೆ ಪುಕ್ಕಟೆ ಹಲ್ಲು ನೋಡುವ ದಿನ ಈ ಸಲ ಒಬ್ಬರೂ ಬರಲಿಲ್ಲವಂತಲ್ಲ, ಕಾರಣ ಅದು. ಬುಧವಾರ ದಾಟಿ ಹೋಗಿ ಅವಳಿಗೆ ನಾನೇ ಹೇಳಬೇಕೆಂದಿದ್ದೇನೆ. ಗುರುವಾರದೊಳಗೆ ನಾನು ಹೇಳಿದೆನೆಂಬ ಸುದ್ದಿ ನಿನ್ನ ಕಿವಿಗೆ ಬೀಳದಿದ್ದರೆ, ನೀನೇ ಹೋಗಿ ಈ ಕಾಗದವನ್ನು ಅವಳ ಜಗಲಿಯಲ್ಲಿ ನಾಲ್ಕು ಜನ ಕೇಳುವ ಹಾಗೆ ಗಟ್ಟಿಯಾಗಿ ಓದು. ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.