ಬ್ಯಾನಿ ತಿನ್ನದ ಬಾಣಂತಿ

ಮುದನಾಳ
೧೨ ಫೆಬ್ರವರಿ ೧೯೫೫

ನನ್ನ ಬಸ್ಸಮ್ಮನಿಗೆ ಅವ್ವನ ಆಶೀರ್ವಾದ. ಕೂಸಿನ ಅಂಗಾಲಿಗೊಂದು ಮುತ್ತು.

ನಿನ್ನ ಹೆರಿಗೆಯ ಕಥೆಯನ್ನು ಊರಲ್ಲಿ ಮೊದಲು ಹೇಳಿದವಳು ನೆರೆಮನೆಯ ದೇವಕಮ್ಮ. ನೀನು ಯಾದಗಿರಿ ದವಾಖಾನೆಯಿಂದ ಬಂದ ಸಂಜೆ, ನಮ್ಮ ಕಟ್ಟೆಯ ಮೇಲೆಯೇ ಕೂತು ಹೇಳಿದಳು: “ಸೂಜಿ ಮಾಡಿಸ್ಕೊಂಡು ಮಕ್ಕೊಂಡೇ ಹಡದಾಳ. ಬ್ಯಾನಿ ತಿನ್ನದಾಕಿಗಿ ಹಾಲೆಲ್ಲಿಂದ ಬರ್ತಾವ? ಅದಕ್ಕ ಕೂಸು ಮೊಲಿ ಹಿಡೀವಲ್ದು.” ಹೆಂಗಸರೆಲ್ಲ ನಕ್ಕರು. ನಾನೇನಂದೆ ಎಂಬುದು ಒಳಗಿದ್ದ ನಿನಗೂ ಕೇಳಿಸಿತು. “ನಾ ಬ್ಯಾಡಂದೆ, ಆಕಿ ಕೇಳಲಿಲ್ಲ.”

ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲೇ, ಚೊಚ್ಚಲ ಬಾಣಂತನ ಬಿಟ್ಟು, ನೀನು ಶಹಾಪುರಕ್ಕೆ ಗಂಡನ ಮನೆಗೆ ಹೊರಟೆ. ನಾನು ತಡೆಯಲಿಲ್ಲ.

ದವಾಖಾನೆಯದು ನಿನಗೇನೂ ನೆನಪಿಲ್ಲ, ಮಗಳೇ. ಬೇನೆ ತಿಂದು ತಿಂದು ನೀನು ಸೋತಿದ್ದೆ. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಎಲ್ಲ ಬಿಡಿಸಿ ಹೇಳಿದ್ದರು: ಸೂಜಿಯಿಂದ ನೋವು ತಗ್ಗುತ್ತದೆ, ತಾಯಿ ಕೂಸು ಇಬ್ಬರಿಗೂ ಮಂಪರು ಬರಬಹುದು, ಕೂಸು ಮೊದಮೊದಲು ಹಾಲಿಗೆ ಸೋಮಾರಿಯಾದೀತು, ಆಮೇಲೆ ಸರಿಹೋಗುತ್ತದೆ ಎಂದು. “ಕೊಡ್ರಿ ಯವ್ವಾ, ನನಗ ನೋಡಾಕ ಆಗವಲ್ದು” ಅಂದವಳು ನಾನೇ.

ಕೂಸು ಹುಟ್ಟಿ ಅಳಲಿಲ್ಲ. ಗಂಟಿನಲ್ಲಿ ಒಯ್ದಿದ್ದ ಹಿತ್ತಾಳೆ ಗಂಗಾಳ ತೆಗೆದು ನಮ್ಮೂರಲ್ಲಿ ಅಳದ ಕೂಸಿನ ಮುಂದೆ ಬಡಿಯುವಂತೆಯೇ ಬಡಿದೆ. ಇಡೀ ದವಾಖಾನೆ ಎದ್ದಿತು, ಕೂಸು ಏಳಲಿಲ್ಲ. ನರ್ಸಮ್ಮ ಬೆನ್ನು, ಅಂಗಾಲು ತಿಕ್ಕಿದ ಮೇಲೆ ಅತ್ತಿತು. ನೀನು ಕಣ್ಣು ಮುಚ್ಚಿಕೊಂಡೇ “ಕೂಸು ಅತ್ತಿತೇನ ಯವ್ವಾ?” ಎಂದು ಕೇಳಿದ್ದನ್ನೇ ಕೇಳುತ್ತಿದ್ದೆ. ಅಂಥವಳ ಮೇಲೆ ನನ್ನ ತಪ್ಪು ಹೊರಿಸಿದೆನಲ್ಲ.

ಈಗ ಕೂಸು ಹಾಲಿಗೆ ಚೀರಿ ಓಣಿ ಎಬ್ಬಿಸುತ್ತದೆಂದು ಅಳಿಯ ಸಾಬಣ್ಣ ಹೇಳಿ ಕಳಿಸಿದ. ಇವತ್ತು ಸಂಜೆ ಅದೇ ಕಟ್ಟೆಯ ಮೇಲೆ, ಅದೇ ಹೆಂಗಸರ ಮುಂದೆ ನಿಜ ಹೇಳಿದೆ. ಒಬ್ಬೊಬ್ಬರಾಗಿ ಎದ್ದು ಹೋದರು.

ತೊಟ್ಟಿಲು ಇಲ್ಲೇ ಇದೆ. ಬಾ ಎನ್ನಲು ನಾಚಿಕೆಯಾಗುತ್ತದೆ. ಆದರೂ ಬಾ.

ನಿನ್ನ ಅವ್ವ,
ಮಾಳಮ್ಮ

ತಾ.ಕ.: ಬೆಳಿಗ್ಗೆ ಈ ಕಾಗದ ಟಪಾಲಿಗೆ ಹಾಕಲು ಹೊರಟಾಗ ದೇವಕಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಸೆರಗಿನಲ್ಲಿ ನಿನಗೆಂದು ಕೊಬ್ಬರಿ, ಹಾಲು ಹೆಚ್ಚಿಸುವ ಅಳವಿ ಬೀಜ. “ನಾ ಹಡಿಯೂಮುಂದ ಬ್ಯಾನಿ ತಗ್ಗಲಿ ಅಂತ ನಮ್ಮವ್ವ ಬೆಲ್ಲದಾಗ ಅಫೀಮು ಕೊಟ್ಟಿದ್ಳು. ನನ್ನ ಮಗನೂ ಮೊದಲ ಎರಡ ದಿನ ಕಣ್ಣು ತೆರೀಲಿಲ್ಲ, ಮೊಲಿ ಹಿಡೀಲಿಲ್ಲ. ಯಾರ ಮುಂದೂ ಅನಬ್ಯಾಡ” ಅಂದಳು. ಆಕೆ ಹೋದ ಮೇಲೆ, ಅವತ್ತು ಕಟ್ಟೆಯ ಮೇಲೆ ನಕ್ಕಿದ್ದ ಮಲ್ಲಿಕಮ್ಮ ಬಂದಳು. ಅದೇ ಮಾತು. ಈಗ ಹಿತ್ತಿಲ ಬಾಗಿಲನ್ನು ಮತ್ಯಾರೋ ಬಡಿಯುತ್ತಿದ್ದಾರೆ.