ಗಾಲಿಕುರ್ಚಿಯ ಫೋಟೋ

ತಂಗೀ,

ನಿನ್ನ ಓರಗಿತ್ತಿ ನಾನು, ಈ ಮನೆಯ ಹಿರಿ ಸೊಸೆ, ಇಪ್ಪತ್ತು ವರ್ಷದಿಂದ ರೋಗಿಗಳ ನೆರವಿನ ಸಂಘದ ಅಧ್ಯಕ್ಷೆ. ನನಗೆ ಎದುರಾಡಿದವರಿಲ್ಲ. ಇವತ್ತು ಒಬ್ಬಳು ಎದುರಾಡಿದಳು.

ಗಾಲಿಕುರ್ಚಿ ಕೊಡುವಾಗ ದಾನಿಗಳಿಗೆ ತೋರಿಸಲು ಫೋಟೋ ತೆಗೆಸುವುದು ನಾನೇ ಮಾಡಿದ ನಿಯಮ. ಕಾಲು ಕಳೆದುಕೊಂಡ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ನಿಂತಿದ್ದವಳಿಗೆ, "ಸ್ವಲ್ಪ ನಗಮ್ಮ," ಎಂದೆ.

"ನೀವೇ ಒಂದ್ಸಲ ಇದ್ರಲ್ಲಿ ಕೂತು ನಕ್ಕು ತೋರ್ಸಿ ಅಮ್ಮಾವ್ರೇ, ನೋಡಿ ಕಲ್ತ್ಕೋತೀವಿ," ಎಂದಳು.

ಫೋಟೋದವನು ಕಿಸಕ್ಕನೆ ನಕ್ಕ. ಅವಳ ಗಂಡ ತಲೆ ಎತ್ತಲಿಲ್ಲ.

ಮೈದುನ ಹಾಸಿಗೆ ಹಿಡಿದಾಗ ನೀನೂ ಅವನನ್ನು ಕರೆದುಕೊಂಡು ಕುರ್ಚಿಗೆಂದು ಬಂದಿದ್ದೆ. "ಅಕ್ಕಾ, ನಮ್ಮನ್ನೊಂದು ಬಿಟ್ಬಿಡಿ," ಎಂದು ಬೇಡಿಕೊಂಡೆ. ಮನೆಯವರಿಗೊಂದು ನ್ಯಾಯ, ಹೊರಗಿನವರಿಗೊಂದು ನ್ಯಾಯ ಇಲ್ಲವೆಂದು ನಾನು ನಿಮ್ಮಿಬ್ಬರನ್ನೂ ಫೋಟೋಗೆ ನಿಲ್ಲಿಸಿದೆ. ಆ ಫೋಟೋವನ್ನೇ ದೊಡ್ಡದು ಮಾಡಿಸಿ ಕಚೇರಿಯ ಬಾಗಿಲೆದುರಿನ ಗೋಡೆಗೆ ಹಾಕಿಸಿದೆ. ಅವನು ತೀರಿಕೊಂಡಾಗ ನೀನು ನನಗೆ ಹೇಳಿಕಳಿಸಲಿಲ್ಲ. ನಿನಗೆ ಸೊಕ್ಕು ಎಂದು ನೆಂಟರೆದುರೆಲ್ಲ ಆಡಿಕೊಂಡೆ.

ಈಗ ನಿನ್ನ ವಿಳಾಸ ಕೇಳಲು ನನಗೆ ಮುಖವಿಲ್ಲ.

ಆ ಹೆಂಗಸಿಗೆ ಫೋಟೋ ಇಲ್ಲದೆಯೇ ಕುರ್ಚಿ ಕೊಟ್ಟು, ಗೇಟಿನ ತನಕ ನಾನೇ ತಳ್ಳಿಕೊಂಡು ಹೋದೆ. ವಾಪಸು ಬಂದು ನಿಯಮದ ಪುಸ್ತಕದಲ್ಲಿ ಆ ಸಾಲು ಹೊಡೆದುಹಾಕಿ ಸಹಿ ಮಾಡಿದೆ. ಆಮೇಲೆ ಸ್ಟೂಲು ಹತ್ತಿ ಗೋಡೆಯ ಫೋಟೋಗಳನ್ನೆಲ್ಲ ಇಳಿಸಿದೆ. ನಿಮ್ಮಿಬ್ಬರದನ್ನೇ ಮೊದಲು.